ಬಿಯರ್ ಗ್ಲಾಸಿನಲ್ಲಿ ಗೋದಾವರಿ

ಇವತ್ತು ಸ್ವಲ್ಪ ಹೆಂಡದ ವಿಷಯ. ಪಕ್ಕದಲ್ಲಿ ಹಿರಿಯರಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ.

ನನ್ನ ಹಳೇ ಗೆಳೆಯನೊಬ್ಬ ಪೈಠಣದವನು. ಇಬ್ಬರೂ ಬೆಂಗಳೂರಲ್ಲಿದ್ದಾಗ ಶುಕ್ರವಾರ ಸಂಜೆ ಅಂದ್ರೆ ಕ್ರಾಫ್ಟ್ ಬಿಯರ್. ಈಗ ಅವನು ಛತ್ರಪತಿ ಸಂಭಾಜಿನಗರದಲ್ಲಿ, ನಾನು ಪುಣೆಯಲ್ಲಿ. ಈಚೆಗೆ ನಾಸಿಕ್‌ನಲ್ಲಿ ಸಿಕ್ಕಾಗ ಹಳೇ ಚಾಳಿಯಂತೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತಿದೆವು. ಎರಡನೇ ಗ್ಲಾಸಿಗೆ ನನ್ನ ಕನ್ನಡಾಭಿಮಾನ ಎದ್ದು ಕೂತಿತು.

ಕ್ರಿ.ಶ. 641ರ ಆಸುಪಾಸಿನಲ್ಲಿ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಅವನು ಕಂಡ ರಾಜಧಾನಿ ಬಾದಾಮಿ ಅಲ್ಲ, ನಾಸಿಕ್ ಅನ್ನೋದು ಫ್ಲೀಟ್ ಅವರ ವಾದ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಲ್ಲ, ಆದ್ರೆ ನಾಸಿಕ್‌ನಲ್ಲಿ ಕೂತಾಗ ಒಪ್ಪೋಕೆ ಆಸೆಯಾಗುತ್ತೆ! ಪುಲಕೇಶಿಯ ವೀರರು ಕುಡಿದೇ ಯುದ್ಧಕ್ಕೆ ಹೋಗ್ತಿದ್ರು, ನೂರಾರು ಆನೆಗಳಿಗೂ ಕುಡಿಸಿ ಮುನ್ನುಗ್ಗಿಸ್ತಿದ್ರು ಅಂತ ಆ ಯಾತ್ರಿಕ ಬರೆದಿದ್ದಾನೆ. ಹರ್ಷವರ್ಧನನನ್ನು ತಡೆದ ಸೈನ್ಯ ಅದು.

ಗೆಳೆಯ ನಕ್ಕ. "ಆನೆಗೆ ಹೆಂಡ ಸರಿ, ನೀರು ಯಾರು ಕೊಟ್ರು?" ಅಂದ.

ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಗೋದಾವರಿ ಹುಟ್ಟೋದು ನಾಸಿಕ್ ಪಕ್ಕದ ತ್ರ್ಯಂಬಕೇಶ್ವರದಲ್ಲಿ. ಅಲ್ಲಿಂದ ಕೆಳಗಿಳಿದು ಪೈಠಣದ ಜಾಯಕವಾಡಿ ಅಣೆಕಟ್ಟೆ ಸೇರುತ್ತೆ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ರು, 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ರು. ಬರಪೀಡಿತ ಮರಾಠವಾಡದ ಹೊಲಗಳಿಗಾಗಿ ಕಟ್ಟಿದ್ದು. ಗೆಳೆಯನ ಅಜ್ಜನ ಹೊಲ ಅದರ ತಳದಲ್ಲಿದೆ. ಆಮೇಲೆ ಅದೇ ನೀರು ನಂಬಿ ವಾಳೂಜ್ ಕೈಗಾರಿಕಾ ಪ್ರದೇಶ ಬೆಳೀತು. 1985ರಲ್ಲಿ ಬಜಾಜ್ ಆಟೋ ಬಂತು, ಬಿಯರ್ ಕಂಪನಿಗಳು ಸಾಲುಗಟ್ಟಿದವು. ನಮ್ಮ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕೂಡ ಅಲ್ಲಿದೆ. ಒಂದು ಲೀಟರ್ ಬಿಯರಿಗೆ, ತೊಳೆಯೋದು ತಂಪು ಮಾಡೋದೆಲ್ಲ ಸೇರಿ, ಒಳ್ಳೆ ಕಾರ್ಖಾನೆಯಲ್ಲೂ ಮೂರ್ನಾಲ್ಕು ಲೀಟರ್ ನೀರು ಬೇಕು.

ಇತ್ತ ನಾಸಿಕ್‌ನಲ್ಲಿ 2000ದಲ್ಲಿ ಸುಲಾ ತನ್ನ ಮೊದಲ ವೈನ್ ತಂತು. ಮರುವರ್ಷ ಸರ್ಕಾರ ವೈನ್ ನೀತಿ ತಂದು ಅಬಕಾರಿ ಸುಂಕ ಬಿಟ್ಟಿತು. ಮೇಲೆ ದ್ರಾಕ್ಷಿ, ಕೆಳಗೆ ಬಿಯರ್, ನಡುವೆ ಒಂದೇ ನದಿ.

2016ರ ಬೇಸಿಗೆಗೆ ಲೆಕ್ಕ ತಪ್ಪಿತು. ಮರಾಠವಾಡದ ಅಣೆಕಟ್ಟೆಗಳಲ್ಲಿ ಉಳಿದಿದ್ದು 3%ರ ಆಸುಪಾಸು. ಏಪ್ರಿಲ್ 12ರಂದು ಲಾತೂರಿಗೆ ರೈಲಿನಲ್ಲಿ 5 ಲಕ್ಷ ಲೀಟರ್ ಕುಡಿಯುವ ನೀರು ಬಂತು, ಮಿರಜ್‌ನಿಂದ. ಅಂದ್ರೆ ಮುಂದೆ ನಮ್ಮ ಚಿಕ್ಕೋಡಿ, ಅಥಣಿ ಸೀಮೆಗೆ ಹರಿಯೋ ಅದೇ ಕೃಷ್ಣೆಯ ಕಣಿವೆಯಿಂದ. ಆ ಹೊತ್ತಲ್ಲೂ ವಾಳೂಜ್‌ನಲ್ಲಿ ಬಿಯರ್ ಬಾಟಲಿ ತುಂಬ್ತಿತ್ತು. ಕೊನೆಗೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಮೇ 10ರಿಂದ ಮದ್ಯ ಕಾರ್ಖಾನೆಗಳ ನೀರಿನಲ್ಲಿ 60% ಕಡಿತ ಮಾಡಿಸಿತು. ಗೆಳೆಯನ ಅಮ್ಮ ಆ ವರ್ಷ ಟ್ಯಾಂಕರ್ ಬರೋ ದಿನ ನೋಡಿ ಬಟ್ಟೆ ಒಗೀತಿದ್ರಂತೆ. ಬಿಯರ್ ನಿಲ್ಲಿಸಿದ್ರೆ ಬರ ಹೋಗ್ತಿತ್ತಾ? ಇಲ್ಲ, ಕಬ್ಬು ಕುಡಿಯೋ ನೀರಿನ ಮುಂದೆ ಅದು ತೀರಾ ಕಡಿಮೆ. ಆದ್ರೂ ಖಾಲಿ ಕೊಡದ ಪಕ್ಕ ನಿಂತವರಿಗೆ ಈ ಅಂಕಿ ಹೇಳೋ ಧೈರ್ಯ ನನಗಿಲ್ಲ.

ಕವಿರಾಜಮಾರ್ಗ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆಯಿತು. ಕಾವೇರಿ ತುದಿಯ ಜಗಳ ನಮಗೆ ಬಾಯಿಪಾಠ, ಅದನ್ನು ಕನ್ನಡ-ತಮಿಳು ಜಗಳ ಅಂತಲೇ ಕಲಿತಿದ್ದೀವಿ. ಗೋದಾವರಿ ತುದಿಯಲ್ಲಿ ಎರಡೂ ಕಡೆ ಮರಾಠಿಯೇ, ಸರ್ಕಾರವೂ ಒಂದೇ. ಆದ್ರೂ 2005ರ ಕಾಯ್ದೆ ಹಿಡ್ಕೊಂಡು ನಾಸಿಕ್ ಮತ್ತು ಮರಾಠವಾಡ ಕೋರ್ಟಿಗೆ ಹೋದವು. ಅಕ್ಟೋಬರ್ 15ಕ್ಕೆ ಜಾಯಕವಾಡಿ 65% ತುಂಬದಿದ್ರೆ ಮೇಲಿನ ಅಣೆಕಟ್ಟೆಗಳಿಂದ ನೀರು ಬಿಡಬೇಕು ಅನ್ನೋ ಲೆಕ್ಕಕ್ಕೆ ಜಗಳ. ಪ್ರತಿ ಮಳೆಗಾಲ ನಾನು ಕೆಆರ್‌ಎಸ್ ಮಟ್ಟ ಅವನಿಗೆ ಕಳಿಸ್ತೀನಿ, ಅವನು ಜಾಯಕವಾಡಿಯದ್ದು ನನಗೆ.