ಏನಿದು ಫುಡ್ ವಾಕ್? ಮೈಸೂರಲ್ಲಿ ಹೇಗೆ ನಡೆಯುತ್ತೆ, ಮೇಲುಕೋಟೆಗೆ ಯಾಕೆ ಬೇಕು?

ಪಾಂಡವಪುರ: ಗೈಡ್ ಜೊತೆ ಹಳೇ ಪೇಟೆಯಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿ, ನಾಲ್ಕೈದು ಕಡೆ ಸ್ವಲ್ಪ ಸ್ವಲ್ಪ ತಿಂದು, ಆ ತಿಂಡಿಯ, ಆ ಬೀದಿಯ ಕಥೆ ಕೇಳೋದನ್ನೇ ಫುಡ್ ವಾಕ್ ಅಂತಾರೆ. ನಮಗೆ ಹತ್ತಿರದಲ್ಲಿ ಇದು ನಡೆಯೋದು ಮೈಸೂರಿನಲ್ಲಿ.

ಏನೇನು ನೋಡಬಹುದು?

ಮೈಸೂರಿನ ಹಳೇ ಪೇಟೆ ಅಂದರೆ ಮೊದಲು ದೇವರಾಜ ಮಾರುಕಟ್ಟೆ. ಹೂವು, ಹಣ್ಣು, ಅರಿಶಿನ-ಕುಂಕುಮದ ಸಾಲುಗಳು ಇಲ್ಲಿವೆ. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಮೈಸೂರು ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕ ಮಾನ್ಯತೆ (ಜಿಐ) ಇದೆ. ಪಕ್ಕದ ಸಯ್ಯಾಜಿರಾವ್ ರಸ್ತೆಯಲ್ಲಿ ಗುರು ಸ್ವೀಟ್ಸ್ ಇದೆ. ಮೈಸೂರು ಪಾಕ್ ಮೊದಲು ಮಾಡಿದವರು ಎನ್ನಲಾಗುವ ಅರಮನೆ ಬಾಣಸಿಗ ಕಾಕಾಸುರ ಮಾದಪ್ಪ ಅವರ ವಂಶಸ್ಥರ ಅಂಗಡಿ ಇದು. ಮೆತ್ತನೆ ದೋಸೆ ಬೇಕೆಂದರೆ ನಜರ್‌ಬಾದ್‌ನ ಮೈಲಾರಿ ಹೋಟೆಲ್‌ಗೆ ಹೋಗಬೇಕು.

ಕಟ್ಟಡವೇ ಬಿದ್ದರೆ?

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ಜಗಳ ಹೈಕೋರ್ಟ್‌ವರೆಗೂ ಹೋಯಿತು. ವ್ಯಾಪಾರಿಗಳಿಗೆ ಇದು ಹೊಟ್ಟೆಪಾಡು. ಜೀವಕ್ಕೆ ಅಪಾಯ ಇರಬಾರದು ಅನ್ನೋದೂ ನಿಜ, ಮಾರುಕಟ್ಟೆ ಹೋದರೆ ತೋರಿಸೋಕೆ ಬೀದಿಯೇ ಉಳಿಯಲ್ಲ ಅನ್ನೋದೂ ನಿಜ.

ನಮ್ಮ ತಾಲ್ಲೂಕಿನಲ್ಲಿ?

ಇಂಥ ನಡಿಗೆಗೆ ಮೇಲುಕೋಟೆ ಹೇಳಿ ಮಾಡಿಸಿದ ಊರು. ಚೆಲುವನಾರಾಯಣಸ್ವಾಮಿ ದೇವಸ್ಥಾನ, ಕಲ್ಯಾಣಿ, ಬೆಟ್ಟದ ಮೇಲಿನ ಯೋಗಾನರಸಿಂಹ ಎಲ್ಲವೂ ನಡೆದೇ ನೋಡುವಷ್ಟು ಹತ್ತಿರ. ದಾರಿಯಲ್ಲೇ ಪುಳಿಯೋಗರೆ, ಸಕ್ಕರೆ ಪೊಂಗಲ್ ಸಿಗುತ್ತೆ. ಹುಣಸೆಹಣ್ಣು, ಎಣ್ಣೆ ಹಾಕಿ ಕುದಿಸಿದ ಗೊಜ್ಜು ಬೇಗ ಕೆಡಲ್ಲ. ಹಾಗಾಗಿ ದೂರದಿಂದ ಬಂದ ಭಕ್ತರು ಬುತ್ತಿ ಕಟ್ಟಿಕೊಂಡು ಹೋಗೋಕೂ ಪುಳಿಯೋಗರೆ ಅನುಕೂಲ. ಈಗ ಬಹಳ ಜನ ಕಾರಲ್ಲಿ ಬಂದು, ದರ್ಶನ ಮುಗಿಸಿ, ಪೊಟ್ಟಣ ತಗೊಂಡು ಹೊರಡುತ್ತಾರೆ. ಊರಿನ ಹುಡುಗರೇ ಗೈಡ್ ಆಗಿ ಎರಡು ಗಂಟೆ ಸುತ್ತಿಸಿದರೆ ಅವರಿಗೂ ಕೆಲಸ, ಮನೆಯಲ್ಲೇ ಗೊಜ್ಜು ಮಾಡುವವರಿಗೂ ವ್ಯಾಪಾರ.

ಹೋಗುವವರು ಗಮನಿಸಿ

* ಬೆಳಗ್ಗೆ ಬೇಗ ಹೊರಡಿ, ಹೊಟ್ಟೆ ಖಾಲಿ ಇರಲಿ.
* ತಿಂಡಿಯ ದುಡ್ಡು ಶುಲ್ಕದಲ್ಲಿ ಸೇರಿದೆಯಾ ಎಂದು ಮೊದಲೇ ಕೇಳಿ.
* ಅಂಗಡಿಯವರ ಫೋಟೊ ತೆಗೆಯುವ ಮುಂಚೆ ಒಂದು ಮಾತು ಕೇಳಿ.
* ತಿಂದ ಎಲೆ, ಪ್ಲಾಸ್ಟಿಕ್ ಕಲ್ಯಾಣಿ ಮೆಟ್ಟಿಲ ಮೇಲೆ ಬಿಸಾಡಬೇಡಿ.