ನರಗುಂದದ ಗುಡ್ಡದ ಮೇಲೆ ಕೇಳಿದ ಪ್ರಶ್ನೆ

ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ ರೋಣದ ಕಡೆಯ ನಮ್ಮ ಪ್ರೌಢಶಾಲೆಯ ಮಕ್ಕಳನ್ನು ನರಗುಂದದ ಗುಡ್ಡಕ್ಕೆ ಕರೆದೊಯ್ಯುವುದು ನನ್ನ ರೂಢಿಯಾಗಿತ್ತು. 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಹತನಾದದ್ದು, ಜೂನ್ ಮೊದಲ ವಾರದಲ್ಲಿ ಕೋಟೆ ಆಂಗ್ಲರ ವಶವಾದದ್ದು, ಜೂನ್ 12ರಂದು ಬಾಬಾಸಾಹೇಬ ಭಾಸ್ಕರರಾವ ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು, ಇವನ್ನೆಲ್ಲ ಹೇಳಿ ಮುಗಿಸಿದಾಗ ಗಜೇಂದ್ರಗಡದ ಹುಡುಗನೊಬ್ಬ ಕೇಳಿದ: “ಗುಂಡ ಬಡದೂ ಸಾಯಲಾರದವ್ರು ಮುಂದ ಏನಾದ್ರ್ರೀ ಸರ್?”

ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1858ರಲ್ಲಿ ಗಾಯಾಳುವಿನ ಮಟ್ಟಿಗೆ ನಾಟಿವೈದ್ಯರೂ ಒಂದೇ, ಬಿಳಿಯರ ಸೈನ್ಯದ ವೈದ್ಯರೂ ಒಂದೇ. ಗಾಯ ನಂಜೇರುವುದು ಏಕೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯೇ ಕಾರಣವೆಂದು ಯುರೋಪಿನ ಹಲವು ಪಂಡಿತರು ನಂಬಿದ್ದರು. ಗಾಯದಿಂದ ಗಟ್ಟಿಯಾದ ಬಿಳಿಯ ಕೀವು ಬಂದರೆ ಅದು ಶುಭಲಕ್ಷಣವೆಂದು ಎಣಿಸಿದವರೂ ಇದ್ದರು. ಒಬ್ಬನಿಗೆ ಬಳಸಿದ ಚಾಕುವನ್ನು ಒರೆಸಿ ಇನ್ನೊಬ್ಬನಿಗೆ ಬಳಸುತ್ತಿದ್ದ ಕಾಲವದು. ಶಸ್ತ್ರಕ್ರಿಯೆ ಸಫಲವಾದರೂ ರೋಗಿ ವಾರದೊಳಗೆ ಜ್ವರದಿಂದ ಸಾಯುತ್ತಿದ್ದ.

ಸುಳಿವು ಮಾತ್ರ ಅದಕ್ಕೂ ಮೊದಲೇ ಸಿಕ್ಕಿತ್ತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ವೈದ್ಯ, ಶವಪರೀಕ್ಷೆ ಮುಗಿಸಿ ಬರುವವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯಬೇಕೆಂದು ಕಟ್ಟುನಿಟ್ಟು ಮಾಡಿದ. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಆದರೆ ರೋಗವನ್ನು ಹೊತ್ತು ತರುವುದು ತಮ್ಮ ಕೈಯೇ ಎಂಬ ಮಾತನ್ನು ಹೆಚ್ಚಿನ ವೈದ್ಯರು ಒಪ್ಪಲಿಲ್ಲ. 1865ರ ಆಗಸ್ಟ್ 13ರಂದು ಆತ ನಂಜೇರಿದ ಗಾಯದಿಂದಲೇ ತೀರಿಕೊಂಡ. ಅದರ ಹಿಂದಿನ ದಿನವೇ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್, ಗಾಡಿಚಕ್ರ ಹರಿದು ಕಾಲುಮೂಳೆ ಮುರಿದಿದ್ದ ಹನ್ನೊಂದು ವರ್ಷದ ಬಾಲಕನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದ್ದ. ಪಾಶ್ಚರನ ಸೂಕ್ಷ್ಮಾಣುಗಳ ವಿಚಾರವನ್ನು ಓದಿಯೇ ಆತ ಈ ಪ್ರಯೋಗಕ್ಕೆ ಕೈಹಾಕಿದ್ದು. ಗಾಯ ಕೀವಾಗದೆ ಮಾಯಿತು. ಇದನ್ನು ಆತ ಪ್ರಕಟಿಸಿದ್ದು 1867ರಲ್ಲಿ, ಅಂದರೆ ನರಗುಂದದ ಬಂಡಾಯದ ಒಂಬತ್ತು ವರ್ಷಗಳ ತರುವಾಯ. ಕೀವಿನೊಳಗೆ ದ್ರಾಕ್ಷಿಗೊಂಚಲಿನಂತೆ ಕಾಣುವ ಸೂಕ್ಷ್ಮಾಣುವಿಗೆ ಆಗ್‌ಸ್ಟನ್ ‘ಸ್ಟಫಿಲೊಕಾಕಸ್’ ಎಂದು ಹೆಸರಿಟ್ಟದ್ದು 1882ರಲ್ಲಿ. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಸುಮ್ಮನಿರುವ ಇದೇ ಜೀವಿ ಕೊಯ್ದ ಜಾಗಕ್ಕೆ ಇಳಿದರೆ ಶತ್ರುವಾಗುತ್ತದೆ.

ಇದನ್ನೆಲ್ಲ ತಿಳಿಯುವ ಮುನ್ನ ನಾನೂ ಒಂದು ತಪ್ಪು ಮಾಡಿದ್ದೆ. 1978ರಲ್ಲಿ ನಮ್ಮ ತಂದೆಯವರಿಗೆ ಹರ್ನಿಯಾ ಶಸ್ತ್ರಕ್ರಿಯೆಯಾಯಿತು. ಮನೆಗೆ ಬಂದ ಮೇಲೆ ಬಂಧುಬಳಗವೆಲ್ಲ ಅವರ ಹಾಸಿಗೆಯ ಮೇಲೆಯೇ ಕುಳಿತು ಮಾತನಾಡಿಸುವುದು. ಹೊಲಿಗೆ ಹೇಗಿದೆಯೆಂದು ಕೇಳಿದವರಿಗೆಲ್ಲ ಪಟ್ಟಿ ಬಿಚ್ಚಿ ತೋರಿಸುತ್ತಿದ್ದವನು ನಾನೇ. ಹೊಲದಿಂದ ಬಂದ ಕೈಯನ್ನು ತೊಳೆದುಕೊಂಡ ನೆನಪಿಲ್ಲ. ಆರನೆಯ ದಿನ ಕೀವು ಕಂಡಿತು. “ಕೀವ ಬಂದ್ರ ಛಲೋನ ಆತು, ಕೆಟ್ಟದ್ದೆಲ್ಲಾ ಹೊರಗ ಹೋಗತೈತಿ” ಎಂದು ಹಿರಿಯರೊಬ್ಬರು ಧೈರ್ಯ ಹೇಳಿದರು. ಆ ಮಾತನ್ನು ನಂಬಿ ನಾಲ್ಕು ದಿನ ಕಳೆದೆವು. ತಂದೆಯವರು ಉಳಿದರು, ಆದರೆ ಎರಡು ತಿಂಗಳು ಮಲಗಿದಲ್ಲಿಯೇ ಇದ್ದರು. ನಂಜು ಎಲ್ಲಿಂದ ಸೇರಿತೆಂದು ನಿಶ್ಚಯವಾಗಿ ಹೇಳಲಾಗದು. ನನ್ನ ಕೈಯ ಮೇಲಿನ ಸಂಶಯ ಮಾತ್ರ ಇಂದಿಗೂ ಹೋಗಿಲ್ಲ. ನೂರು ವರ್ಷಗಳ ಹಿಂದೆಯೇ ಯುರೋಪು ಬಿಡತೊಡಗಿದ್ದ ನಂಬಿಕೆಯೊಂದು ನಮ್ಮ ಪಡಸಾಲೆಯಲ್ಲಿ ಆಗಲೂ ಕುಳಿತಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರತಂದ ಮಾರ್ಗಸೂಚಿಯು, ಕೊಯ್ಯುವ ಜಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸಕೂಡದೆಂದೂ, ನಂಜು ತಡೆಯಲು ಕೊಡುವ ಔಷಧವನ್ನು ಶಸ್ತ್ರಕ್ರಿಯೆ ಮುಗಿದ ಮೇಲೆ ಸುಮ್ಮನೆ ಮುಂದುವರಿಸಕೂಡದೆಂದೂ ಹೇಳುತ್ತದೆ. ಅದು ವೈದ್ಯರ ಕೆಲಸ. ನಮ್ಮ ಕೆಲಸ ಇನ್ನೂ ಸುಲಭವಾದದ್ದು: ಸಾಬೂನಿನಿಂದ ಕೈತೊಳೆಯುವುದು, ಪಟ್ಟಿಯನ್ನು ಮುಟ್ಟದಿರುವುದು, ರೋಗಿಯ ಹಾಸಿಗೆಯ ಮೇಲೆ ಕೂರದಿರುವುದು. ಶಸ್ತ್ರಕ್ರಿಯೆಯಾದ ತಿಂಗಳೊಳಗೆ ಗಾಯ ಕೆಂಪೇರಿದರೆ, ಬಾತರೆ, ಕೀವು ಸುರಿದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿರುವನೋ ತಿಳಿಯದು. ಸಿಕ್ಕರೆ ಹೇಳುವೆನು: “ತಮ್ಮಾ, ಗುಂಡಿನಿಂದ ಉಳಿದವರಲ್ಲಿ ಎಷ್ಟೋ ಮಂದಿಯನ್ನು ನಂಜು ಕೊಂದಿರಬೇಕು. ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.”