ಅಚ್ಚಿಲ್ಲದ ಉಳಿಗಳು

ಸ್ಟ್ಯಾನ್ಲಿ ಕಂಪನಿಯ ಹಳೇ ಕಬ್ಬಿಣದ ಹತ್ತರಿ ಕೈಗೆ ಸಿಕ್ಕರೆ ಅಲಗು ನೋಡಿ ವಯಸ್ಸು ಹೇಳಬೇಡಿ ಎಂದು ನಾನು ಐಟಿಐ ಹುಡುಗರಿಗೆ ಯಾವಾಗಲೂ ಹೇಳುತ್ತಿದ್ದೆ. ಅಲಗು ಸವೆಯುವ ವಸ್ತು. ಸವೆದಾಗ ಬಡಗಿ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿರುತ್ತಾನೆ. ಅಲಗು ತೆಗೆದಿಟ್ಟು, ಅದು ಒರಗುವ ಕಟ್ಟೆಯ ಹಿಂದೆ, ದೇಹದ ಎರಕದಲ್ಲೇ ಮೂಡಿರುವ ಅಕ್ಷರ ಓದಬೇಕು. ಬೆಂಗಳೂರಿನ ಗುಜರಿಯಲ್ಲಿ ಕೊಂಡ ನನ್ನ ಐದನೇ ನಂಬರಿನ ಹತ್ತರಿಯಲ್ಲಿ ಅಲ್ಲಿ ಮೂರು ಪೇಟೆಂಟ್ ತಾರೀಖುಗಳಿವೆ: 1902ರ ಮಾರ್ಚ್ 25, ಅದೇ ವರ್ಷದ ಆಗಸ್ಟ್ 19, 1910ರ ಏಪ್ರಿಲ್ 19. ಮೂರೂ ಇದ್ದರೆ ಅದು ಸುಮಾರು 1910ರಿಂದ 1918ರೊಳಗಿನದು. ಮುಂದಿನ ಗುಂಡು ಹಿಡಿ ಕುಳ್ಳಾಗಿರುವುದೂ ಅದಕ್ಕೆ ಹೊಂದುತ್ತದೆ. ಆ ಹಿಡಿ ಎತ್ತರವಾದದ್ದು ಆಮೇಲೆ.

ಲಿಯೊನಾರ್ಡ್ ಬೇಯ್ಲಿ ಎಂಬಾತ ರೂಪಿಸಿದ ಈ ಹತ್ತರಿಯ ಹಕ್ಕುಗಳನ್ನು ಅಮೆರಿಕದ ನ್ಯೂ ಬ್ರಿಟನ್ ಊರಿನ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡಿತು. ಅಲ್ಲಿಂದ ಮುಂದೆ ಅದರ ಮೈಮೇಲೆ ಆದ ಸಣ್ಣಪುಟ್ಟ ಬದಲಾವಣೆಗಳನ್ನೆಲ್ಲ ಸಂಗ್ರಹಕಾರರು ಕೂತು ಲೆಕ್ಕ ಹಾಕಿದ್ದಾರೆ. ಎರಡನೇ ಮಹಾಯುದ್ಧ ಕೂಡ ಅದರಲ್ಲಿ ಕಾಣುತ್ತದೆ. ಹಿತ್ತಾಳೆ ಯುದ್ಧಕ್ಕೆ ಬೇಕಾಗಿತ್ತು. ಅಲಗನ್ನು ಏರಿಳಿಸುವ ಪುಟ್ಟ ಚಕ್ರವನ್ನು ಆಗ ಗಟ್ಟಿ ರಬ್ಬರಿನಲ್ಲಿ ಮಾಡಿದರು. ಅಂಥದ್ದು ಸಿಕ್ಕರೆ ‘ಡೂಪ್ಲಿಕೇಟ್’ ಎಂದು ಪಕ್ಕಕ್ಕಿಡಬಾರದು.

ಇಂಗ್ಲೆಂಡಿನ ಹತಾರಗಳಲ್ಲಿ ಬಾಣದ ಗುರುತು ಹುಡುಕಿ. ಅಗಲ ತಲೆಯ ಆ ಪುಟ್ಟ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತೆಂಬುದರ ಮುದ್ರೆ, ಎಷ್ಟೋ ಸಲ ಪಕ್ಕದಲ್ಲೇ ಇಸವಿಯೂ ಇರುತ್ತದೆ. ದಂಡು, ರೈಲ್ವೆ, 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿದ ಕೋಲಾರದ ಚಿನ್ನದ ಗಣಿ, ಎಲ್ಲಕ್ಕೂ ಹಡಗಿನಲ್ಲಿ ಹತಾರ ಬರುತ್ತಿದ್ದ ಕಾಲ ಅದು.

ಶೆಫೀಲ್ಡಿನ ಹಳೇ ಉಳಿಗಳ ಮೇಲೆ ‘ಕ್ಯಾಸ್ಟ್ ಸ್ಟೀಲ್’ ಎಂದು ಒತ್ತಿರುತ್ತದೆ. ಮೂಸೆಯಲ್ಲಿ ಕರಗಿಸಿದ ಉಕ್ಕು ಎಂಬ ಹೆಮ್ಮೆಯ ಮಾತು ಅದು. ಗಡಿಯಾರದ ಸ್ಪ್ರಿಂಗಿಗೆ ಒಳ್ಳೆಯ ಉಕ್ಕು ಬೇಕೆಂದು ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಅಲ್ಲಿ ಆ ಕ್ರಮ ಕಂಡುಕೊಂಡ. ಅದಕ್ಕೂ ಎಷ್ಟೋ ಶತಮಾನ ಮೊದಲೇ ನಮ್ಮ ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಇಳಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನೂ ಹೇಳಿದ್ದಾನೆ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಭಾರತದ ಈ ಉಕ್ಕಿನ ಗುಟ್ಟು ಹುಡುಕಲು ಕೂತಿದ್ದ. ನಮ್ಮ ಉಕ್ಕಿನ ಮೇಲೆ ಲಂಡನ್ನಿನಲ್ಲಿ ಪ್ರಬಂಧಗಳು ಬಂದವು. ಅದನ್ನು ಬಡಿದು ಉಳಿ ಮಾಡಿದ ಕಮ್ಮಾರನ ಹೆಸರು ಮಾತ್ರ ಯಾವ ಉಳಿಯ ಮೇಲೂ ನಾನು ಕಂಡಿಲ್ಲ.

ನನ್ನ ಸಂಕಟ ಇದೇ. ಅಚ್ಚಿರುವ ಹತ್ತರಿಗೆ ಸಾವಿರಾರು ರೂಪಾಯಿ ಕೊಡುವವರು ನಮ್ಮ ಬಾಚಿಯನ್ನು ಕೆಜಿ ಲೆಕ್ಕದಲ್ಲಿ ಬಿಟ್ಟುಬರುತ್ತಾರೆ. ಗುರುತು ಹಚ್ಚುವುದು ಹೇಗೆ ಎಂದು ಕೇಳುತ್ತಾರೆ. ಹಚ್ಚಬಹುದು, ಕಣ್ಣು ಬೇಕು.

ನನ್ನ ತಾತನ ಪೆಟ್ಟಿಗೆಯಲ್ಲಿದ್ದ ಒಂದು ಉಳಿಯನ್ನೇ ನೋಡಿ. ಕಲ್ಲಿನ ಮೇಲೆ ಮಸೆದರೆ ಬಾಯಿಯ ಹತ್ತಿರ ಒಂದು ಗೆರೆ ಏಳುತ್ತದೆ: ಗೆರೆಯ ಈಚೆ ಹೊಳಪು, ಆಚೆ ಮಂಕು. ಹೊಳೆಯುವುದು ಉಕ್ಕು, ಮಂಕಾದದ್ದು ಮೆದು ಕಬ್ಬಿಣ. ಉಕ್ಕು ದುಬಾರಿಯಾದ್ದರಿಂದ ಬಾಯಿಗಷ್ಟೇ ಒಂದು ತುಣುಕನ್ನು ಕಾಯಿಸಿ ಬಡಿದು ಬೆಸೆದಿದ್ದಾರೆ. ಅದೇ ಪೆಟ್ಟಿಗೆಯ ಇನ್ನೊಂದು ಸಣ್ಣ ಉಳಿಯಲ್ಲಿ ಆ ಗೆರೆ ಇಲ್ಲ. ಅದರ ಕತ್ತನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಅಡ್ಡಡ್ಡ ಸಣ್ಣ ಗೀರುಗಳು ಕಾಣುತ್ತವೆ. ಅವು ಅರದ ಹಲ್ಲುಗಳು. ಸವೆದುಹೋದ ಅರವನ್ನು ಕುಲುಮೆಯಲ್ಲಿ ಮತ್ತೆ ಕಾಯಿಸಿ ಉಳಿ ಮಾಡಿದ್ದಾರೆ, ಹಲ್ಲು ಪೂರ್ತಿ ಅಳಿಸಿಲ್ಲ. ಬಾಚಿಯದು ಮತ್ತೊಂದು ಕತೆ. ಬೆಸುಗೆಯೇ ಇಲ್ಲದ ಇಡೀ ಉಕ್ಕು, ಅಂಚಿನಲ್ಲಿ ಮುಚ್ಚಿಕೊಂಡ ಒಂದು ತೂತಿನ ಗುರುತು. ಲಾರಿಯ ಸ್ಪ್ರಿಂಗ್ ಪಟ್ಟಿಗೆ ನಡುವೆ ಬೋಲ್ಟು ಹಾಕುವ ತೂತು ಅದು. ಹಾಗಾಗಿ ಈ ಬಾಚಿ ನಮ್ಮ ಕಡೆ ಲಾರಿ ಓಡಾಡಿ, ಗುಜರಿಗೂ ಬಿದ್ದ ಮೇಲಿನದು. ಪೆಟ್ಟಿಗೆ ಹಲಸಿನ ಹಲಗೆಯದು, ತಾತನೇ ಮಾಡಿಕೊಂಡಿದ್ದು. ಹಿಡಿಗಳ ಮೇಲೆ ಮೂರು ಕಚ್ಚು ಹಾಕಿದ್ದಾರೆ, ಕೆಲಸದ ಜಾಗದಲ್ಲಿ ಬೇರೆಯವರದರ ಜೊತೆ ಕಲಸಿಹೋಗದಿರಲಿ ಎಂದು. ಸಂದಿಗಳಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಇದೆ.

ಇವನ್ನೆಲ್ಲ ಗ್ರೈಂಡರಿಗೆ ಹಿಡಿದರೆ ಒಂದೇ ನಿಮಿಷದಲ್ಲಿ ಹೋಗುತ್ತವೆ. ದಯವಿಟ್ಟು ಆಸಿಡ್ಡನ್ನೂ ಹಾಕಬೇಡಿ. ಸೀಮೆಎಣ್ಣೆಯಲ್ಲಿ ನೆನೆಸಿ, ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಹಳೇ ಹಿಡಿ ಸೀಳಿದ್ದರೂ ಎಸೆಯಬಾರದು.

ಕೊಳ್ಳುವಾಗ ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಯಾವ ಊರಿನದು, ಯಾರ ಮನೆಯದು, ಯಾವ ಕುಲುಮೆಯಲ್ಲಿ ಮಾಡಿಸಿದ್ದು. ಊರಿನ ಹಿರಿಯರಿಗೆ ಕಮ್ಮಾರನ ಹೆಸರು ಇನ್ನೂ ನೆನಪಿರುತ್ತದೆ, ಕೆಲವರು ಕುಲುಮೆ ಇದ್ದ ಜಾಗವನ್ನೂ ತೋರಿಸುತ್ತಾರೆ. ಹೇಳಿದ್ದನ್ನು ಅಲ್ಲೇ ಒಂದು ಚೀಟಿಯಲ್ಲಿ ಬರೆದು ಹಿಡಿಗೆ ದಾರದಲ್ಲಿ ಕಟ್ಟಿ, ಆಮೇಲೆ ದುಡ್ಡು ಕೊಡಿ.